ಮೂರನೆಯ ಪ್ರೆಸ್ಸಿನ ಕುರುಡು

ತೆಗೆದಿದ್ದೆನಲ್ಲ? ತೆಗೆದಿರಲೇಬೇಕು. ಆ ವರ್ಷ ಗಣಪತಿ ಹಬ್ಬಕ್ಕೆ ಕಾರ್ಖಾನೆ ನಾಲ್ಕು ದಿನ ಮುಚ್ಚಿದಾಗ ಪ್ಯಾನಲ್ಲಿನ ಬಾಗಿಲು ತೆರೆದು, ಲ್ಯಾಪ್‌ಟಾಪಿನ ತಂತಿ ತಗುಲಿಸಿ, ಏಳನೇ ಇನ್‌ಪುಟ್ಟಿನ ಮೇಲೆ ಹೇರಿದ್ದ ಸುಳ್ಳನ್ನು ಅಳಿಸಿದ್ದು ನೆನಪಿದೆ. ಬೆವರಿದ ಬೆರಳು ಕೀಲಿಯ ಮೇಲೆ ಜಾರಿದ್ದೂ ನೆನಪಿದೆ. ಆದರೆ ಅದು ಮೂರನೆಯ ಪ್ರೆಸ್ಸಾಗಿತ್ತೇ, ಐದನೆಯದಾಗಿತ್ತೇ? ಹನ್ನೊಂದು ವರ್ಷವಾಯಿತು. ಮಾಡಬೇಕೆಂದುಕೊಂಡದ್ದು ಇಷ್ಟು ಕಾಲ ತಲೆಯಲ್ಲೇ ಉಳಿದರೆ, ಕೊನೆಗೆ ಮಾಡಿದ ನೆನಪಾಗಿಯೇ ಕೂತುಬಿಡುತ್ತದೆಯೇನೋ.

"ಅವಲಕ್ಕಿ ಆರಿಹೋತು ನೋಡ್ರಿ," ಎಂದಳು ತ್ರಿಶಲಾ.

ಜಿನದತ್ತ ಉಪಾಧ್ಯೆ ತಟ್ಟೆಯನ್ನು ಹತ್ತಿರ ಎಳೆದುಕೊಂಡ. ಹೆಂಡತಿ ಆಸ್ಪತ್ರೆಯ ಬಿಳಿ ಕೋಟನ್ನು ಮಡಚಿ ಚೀಲದಲ್ಲಿಡುತ್ತಿದ್ದಳು. ಆಪರೇಷನ್ ಥಿಯೇಟರಿನ ನರ್ಸ್ ಆಗಿ ಅವಳಿಗೆ ಹತ್ತೊಂಬತ್ತು ವರ್ಷದ ಅನುಭವ. ಬೆಳಗಾವಿಯ ಹೊರಗೆ ಕಬ್ಬಿಣ ಬಡಿಯುವ ಮೂವತ್ತೆಂಟು ಕಾರ್ಖಾನೆಗಳ ವಸಾಹತು ಇರುವುದರಿಂದ, ಅವಳ ಆಸ್ಪತ್ರೆಯಲ್ಲಿ 'ಪ್ರೆಸ್ ಕೈ' ಎಂಬುದೇ ಒಂದು ಕಾಯಿಲೆಯ ಹೆಸರಿನಂತೆ ಬಳಕೆಯಲ್ಲಿತ್ತು.

"ನಿನ್ನೆ ಒಬ್ಬಾಂವ ಬಂದಿದ್ದ. ಬೆರಳನ್ನ ಊಟದ ಡಬ್ಬ್ಯಾಗ ಇಟ್ಕೊಂಡ್ ಬಂದಾನ. ಕೂಡಸ್ರಿ ಅಂತಾನ. ಬರ್ಫಿನಾಗ ಇಡಬೇಕಿತ್ತಪ್ಪಾ ಅಂದ್ರ, ಬರ್ಫ ಇರಲಿಲ್ರಿ, ಮೊಸರನ್ನ ತಣ್ಣಗಿತ್ತು ಅಂದ. ನಗಬೇಕೋ ಅಳಬೇಕೋ ಹೇಳ್ರಿ."

"ಯಾವ ಕಾರ್ಖಾನಿ?"

"ನಿಮ್ದಲ್ಲ ಬಿಡ್ರಿ. ನಿಮ್ಮ ಕಡೀ ಮಂದಿ ಬರೋದು ಕಡಿಮಿ. ಅದ್ರಾಗೂ ಆ ಮೂರನೇ ಪ್ರೆಸ್ಸಿನವರು ಒಬ್ಬರೂ ಬಂದಿಲ್ಲ. ಪುಣ್ಯವಂತರು."

ಜಿನದತ್ತ ತಣ್ಣಗಾದ ಅವಲಕ್ಕಿ ತಿಂದ. ಆ ಮನೆಯಲ್ಲಿ ಮಾತು ಯಾವಾಗಲೂ ಅವಳದು, ಕೇಳಿಸಿಕೊಳ್ಳುವುದು ಅವನದು. ಅವನು ಕೇಳಿಸಿಕೊಳ್ಳುತ್ತಿದ್ದಾನೆ ಎಂದು ಅವಳು ನಂಬಿದ್ದಳು.

ಕಾದ ಕಬ್ಬಿಣವನ್ನು ಅಚ್ಚಿನಡಿ ಬಡಿಯುವ ಪ್ರೆಸ್ಸುಗಳ ಬಾಯಿಯ ಮುಂದೆ ಬೆಳಕಿನ ಪರದೆಯೊಂದು ಇರುತ್ತದೆ. ಈ ಕಂಬದಿಂದ ಆ ಕಂಬಕ್ಕೆ ಹಾಯುವ, ಕಣ್ಣಿಗೆ ಕಾಣದ ಹದಿನಾರು ಕಿರಣಗಳು. ಕೈ ಒಳಗೆ ಹೋದರೆ ಕಿರಣ ಕಡಿಯುತ್ತದೆ. ಆ ಸುದ್ದಿ ಏಳನೇ ಇನ್‌ಪುಟ್ಟಿನ ಮೂಲಕ ಪ್ರೆಸ್ಸನ್ನು ನಡೆಸುವ ಕಂಟ್ರೋಲರಿಗೆ ಮುಟ್ಟುತ್ತದೆ. ಮುನ್ನೂರು ಟನ್ ಬಲದಿಂದ ಬೀಳುವ ಮೇಲಿನ ಅಚ್ಚು ಅಲ್ಲೇ ನಿಲ್ಲುತ್ತದೆ. ಹನ್ನೊಂದು ವರ್ಷದ ಹಿಂದೆ ಮೂರನೆಯ ಪ್ರೆಸ್ಸಿನ ಪರದೆ ಎಣ್ಣೆ ಹೊಗೆ ಕುಡಿದು ಮಂಜಾಗಿತ್ತು. ಕೈ ಇಲ್ಲದಿದ್ದರೂ ಇದೆಯೆಂದು ಹೆದರಿ ನಿಮಿಷಕ್ಕೊಮ್ಮೆ ನಿಲ್ಲುತ್ತಿತ್ತು. ಟ್ರ್ಯಾಕ್ಟರ್ ಕಂಪನಿಗೆ ಕಳಿಸಬೇಕಾದ ಮಾಲು ಅರ್ಧಕ್ಕೆ ನಿಂತಿತ್ತು. ಮ್ಯಾನೇಜರ್ ಶಿಂತ್ರೆ ಸಾಹೇಬ, "ಹೆಂಗರ ಮಾಡಿ ಓಡಸು ಉಪಾಧ್ಯೆ, ಹೆಂಗ ಅಂತ ನನಗ ಹೇಳಬ್ಯಾಡ," ಎಂದಿದ್ದ. ಯಂತ್ರಗಳ ದುರಸ್ತಿ ನೋಡಿಕೊಳ್ಳುತ್ತಿದ್ದ ಜಿನದತ್ತ ಕಂಟ್ರೋಲರಿನ ಒಳಹೊಕ್ಕು ಏಳನೇ ಇನ್‌ಪುಟ್ಟಿಗೆ 'ಕೈ ಇಲ್ಲ' ಎಂಬ ಒಂದೇ ಮಾತನ್ನು ಖಾಯಂ ಮಾಡಿದ. ಪರದೆ ಏನೇ ಕಿರುಚಿದರೂ ಕಂಟ್ರೋಲರಿಗೆ ಕೇಳಿಸದು. ಹಾಗೆ ಹೇರಿದಾಗ ಕಂಟ್ರೋಲರಿನ ಮೋರೆಯ ಮೇಲೆ ಸಣ್ಣ ಹಳದಿ ದೀಪವೊಂದು ಉರಿಯುತ್ತದೆ. ಅದರ ಮೇಲೆ ಅವನು ಕಪ್ಪು ಟೇಪು ಅಂಟಿಸಿದ್ದ. ಸೋಮವಾರ ತೆಗೆಯುವುದೆಂದು. ಅದೇ ವಾರ ಐದನೆಯ ಪ್ರೆಸ್ಸಿಗೂ ಇದನ್ನೇ ಮಾಡಿದ್ದ.

ಈಗ ಆ ಪ್ರೆಸ್ಸಿನ ಹಿಂದೆ ಒಂದು ಡಬ್ಬಿ ಕೂತಿತ್ತು.

ವಸಾಹತಿನ ಇನ್ನೂರ ಹದಿನಾಲ್ಕು ಪ್ರೆಸ್ಸುಗಳ ಹಿಂದೆಯೂ ಅಂಥದೇ ಡಬ್ಬಿಗಳು. ಕಂಟ್ರೋಲರುಗಳೆಲ್ಲ ಇಪ್ಪತ್ತೈದು ಮೂವತ್ತು ವರ್ಷ ಹಳೆಯವು. ಅವನ್ನು ಮಾಡಿದ ಕಂಪನಿಗಳಲ್ಲಿ ಅರ್ಧದಷ್ಟು ಮುಚ್ಚಿಹೋಗಿದ್ದವು. ಒಂದೊಂದಕ್ಕೂ ಒಂದೊಂದು ಭಾಷೆ. ಪಕ್ಕದ ಯಂತ್ರ ಬದುಕಿದೆಯೋ ಸತ್ತಿದೆಯೋ ಅವಕ್ಕೆ ತಿಳಿಯದು. ಎಲ್ಲ ಯಂತ್ರಗಳೂ ಜಾಲದಲ್ಲಿ ಇರದಿದ್ದರೆ ಮಾಲು ಕೊಳ್ಳುವುದಿಲ್ಲ ಎಂದು ಖರೀದಿದಾರ ಕಂಪನಿಗಳು ಷರತ್ತು ಹಾಕಿದ ಮೇಲೆ ಡಬ್ಬಿಗಳು ಬಂದವು. ಒಂದು ಬದಿಯಲ್ಲಿ ಹಳೆಯ ಒಂಬತ್ತು ಪಿನ್ನಿನ ಬಾಯಿ, ಇನ್ನೊಂದು ಬದಿಯಲ್ಲಿ ನೀಲಿ ಈಥರ್ನೆಟ್ ತಂತಿ. ಡಬ್ಬಿ ಹಳೆಯ ಕಂಟ್ರೋಲರಿನ ಮನಸ್ಸನ್ನು ಓದಿ ಎಲ್ಲರಿಗೂ ತಿಳಿಯುವ ಭಾಷೆಗೆ ತಿರುಗಿಸುತ್ತಿತ್ತು. ಅಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಡಬ್ಬಿ ಕಲಿಯುತ್ತಲೂ ಇತ್ತು. ಹದಿನೈದು ದಿನ ಇನ್ನೂರ ಹದಿನಾಲ್ಕು ಯಂತ್ರಗಳನ್ನು ಗಮನಿಸಿ, ಅತಿ ಕಡಿಮೆ ನಿಲುಗಡೆ, ಅತಿ ಹೆಚ್ಚು ಮಾಲು, ಅಪಘಾತದ ದಾಖಲೆಯೇ ಇಲ್ಲದ್ದು ಯಾವುದೆಂದು ಹುಡುಕಿ, ಅದರ ನಡವಳಿಕೆಯನ್ನು ಉಳಿದೆಲ್ಲಕ್ಕೂ ಬರೆದುಕೊಡುವುದು ಅದರ ಕೆಲಸ. ಹಾಗೆ ಆಯ್ಕೆಯಾದ ಯಂತ್ರವನ್ನು ಡಬ್ಬಿ ಕಂಪನಿಯವರು 'ಗುರು' ಎನ್ನುತ್ತಿದ್ದರು.

ನಿನ್ನೆ ಸಂಜೆ ಗುರುವಿನ ಹೆಸರು ಮೇಲಿನ ಕೋಣೆಯ ಮಾನಿಟರಿನಲ್ಲಿ ಬಂದಿತ್ತು. ಶ್ರೀವರ್ಧನ ಫೋರ್ಜ್, ಪ್ರೆಸ್ ನಂಬರ್ ಮೂರು. ಶಿಂತ್ರೆ ಪೇಢೆ ಹಂಚಿದ್ದ. ಇವತ್ತು ಹತ್ತು ಗಂಟೆಗೆ ಪಾಠ ಶುರು.

* * *

ಒಂಬತ್ತೂವರೆಗೆ ಜಿನದತ್ತ ಶೆಡ್ಡಿಗೆ ಇಳಿದ. ಕುಲುಮೆಯಿಂದ ಕೆಂಪಗೆ ಕಾದ ಕಬ್ಬಿಣದ ತುಂಡುಗಳು ಉರುಳಿ ಬರುತ್ತಿದ್ದವು. ಪ್ರತಿ ಬಡಿತಕ್ಕೂ ಕಾಲಡಿಯ ನೆಲ ನಡುಗಿ, ನಡುಕ ಹಲ್ಲಿಗೆ ಏರುತ್ತಿತ್ತು. ಆರು ಪ್ರೆಸ್ಸುಗಳ ಪೈಕಿ ಐದರಲ್ಲಿ ಒಂದೇ ರೀತಿಯ ಕೆಲಸ: ಆಪರೇಟರ್ ಎಡಗಾಲನ್ನು ಪೆಡಲಿನ ಮೇಲೆ ಒತ್ತಿಯೇ ಇಟ್ಟಿರುತ್ತಾನೆ. ಕೈ ಒಳಗಿರುವವರೆಗೆ ಬೆಳಕಿನ ಪರದೆ ಅಚ್ಚನ್ನು ಎತ್ತಿ ಹಿಡಿದಿರುತ್ತದೆ. ಕೈ ಹೊರಬಂದ ಕ್ಷಣಕ್ಕೆ ಅಚ್ಚು ತಾನೇ ಬೀಳುತ್ತದೆ. ಒಂದು ಬಡಿತಕ್ಕೆ ಒಂದು ಸೆಕೆಂಡ್ ಉಳಿತಾಯ. ಇದು ನಿಯಮವಲ್ಲ, ಇಡೀ ವಸಾಹತಿನ ರೂಢಿ. ಕಾಲು ಮರೆತರೂ ಪರದೆ ಮರೆಯದು ಎಂಬ ಭರವಸೆ.

ಮೂರನೆಯದರಲ್ಲಿ ಮಾತ್ರ ಇಬ್ಬರು. ತುಂಡನ್ನು ಒಳಗಿಡುವವನು ಲಗಮಣ್ಣ, ಪೆಡಲ್ ಒತ್ತುವವನು ಇನ್ನೊಬ್ಬ. ಕೈ ಒಳಗೆ ಹೋಗುವಾಗ ಲಗಮಣ್ಣ "ಕೈ!" ಎಂದು ಕೂಗುತ್ತಾನೆ. ಹೊರಗೆ ಬಂದ ಮೇಲೆ "ಬಂತು!" ಎನ್ನುತ್ತಾನೆ. ಆ 'ಬಂತು' ಕೇಳಿದ ಮೇಲೆಯೇ ಪೆಡಲ್. ದಿನಕ್ಕೆ ಎರಡು ಸಾವಿರ ಸಲ. ಉಳಿದವರು ಇದನ್ನು ಲಗಮಣ್ಣನ ಭಜನೆ ಎಂದು ಗೇಲಿ ಮಾಡುತ್ತಿದ್ದರು.

"ಕೈ!"

"ಬಂತು!"

ಅಚ್ಚು ಬಿತ್ತು. ಕಿಡಿ ಹಾರಿತು. ಜಿನದತ್ತ ಪಕ್ಕಕ್ಕೆ ಬಂದು ನಿಂತ. ಪ್ಯಾನಲ್ಲಿನ ಬಾಗಿಲು ಮೂರು ಹೆಜ್ಜೆ ದೂರದಲ್ಲಿತ್ತು. ತೆರೆದು, ಟೇಪು ಕಿತ್ತು, ದೀಪ ಉರಿಯುತ್ತಿದೆಯೇ ಎಂದು ನೋಡಿದರೆ ಸಾಕು. ಆದರೆ ಬಾಗಿಲು ತೆರೆದರೆ ಪ್ರೆಸ್ ನಿಲ್ಲುತ್ತದೆ. ಗುರು ನಿಂತರೆ ಮೇಲಿನ ಕೋಣೆಯಿಂದ ಶಿಂತ್ರೆ ಯಾಕೆಂದು ಕೇಳುತ್ತಾನೆ.

"ಯಾಕ್ರೀ ಸಾಹೇಬ್ರ, ಇವತ್ತ ನಮ್ಮ ಕುರುಡಿ ಕಡೆ ಬಂದ್ರಿ?" ಲಗಮಣ್ಣ ಬೆವರು ಒರೆಸಿಕೊಳ್ಳುತ್ತ ನಕ್ಕ. ಆ ಪ್ರೆಸ್ಸಿಗೆ ಅವನು ಇಟ್ಟ ಹೆಸರು ಅದು. "ಪೇಢೆ ತಿಂದ್ರಿಲ್ಲೋ? ನಮ್ಮಾಕಿ ಗುರು ಆಗ್ಯಾಳಂತ. ಇನ್ನ ಮ್ಯಾಲ ದಕ್ಷಿಣಿ ಕೊಡಬೇಕ್ರಿ."

"ಇನ್ನೂ ಕುರುಡೀನ?" ಜಿನದತ್ತ ಹಗುರವಾಗಿ ಕೇಳಲು ಯತ್ನಿಸಿದ.

"ಹುಟ್ಟುಗುರುಡಿ ಎಲ್ಲಿ ಕಣ್ಣು ಬಿಡ್ತಾಳ್ರಿ? ಅದಕ್ಕ ನಾ ಒದರೂದು. ನನ್ನ ಬಾಯೇ ಆಕಿ ಕಣ್ಣು."

ಪೆಡಲಿನವನು ನಕ್ಕ. ಲಗಮಣ್ಣನೂ ನಕ್ಕ. ಜಿನದತ್ತನೂ ನಕ್ಕ. ಅದು ತಮಾಷೆಯೋ ಉತ್ತರವೋ ಎಂದು ಇನ್ನೊಮ್ಮೆ ಕೇಳಬಹುದಿತ್ತು. ಐದನೆಯ ಪ್ರೆಸ್ಸಿನಿಂದ ಕಲ್ಮೇಶ, "ಏ ಗುರುಗಳ, ಭಜನಿ ಜೋರಾಗ್ಲಿ!" ಎಂದು ಕೂಗಿದ. ಅವನಿಗೆ ಇಪ್ಪತ್ತಾರು ವರ್ಷ, ಮದುವೆಯಾಗಿ ಎಂಟು ತಿಂಗಳು.

"ನಿನ್ನ ಕಾಲು ಪೆಡಲ್ ಮ್ಯಾಲಿಂದ ತಗಿ ಮೊದ್ಲ," ಎಂದ ಲಗಮಣ್ಣ. "ಕಾಲು ಒತ್ತಿ ಇಟ್ಟು ಕೈ ಒಳಗ ಹಾಕ್ತಿ, ಕಳ್ಳ ಮಗನ."

ಜಿನದತ್ತ ಕಬ್ಬಿಣದ ಮೆಟ್ಟಿಲು ಹತ್ತಿ ಮೇಲಿನ ಗಾಜಿನ ಕೋಣೆಗೆ ಹೋದ. ತಮಾಷೆಯೇ ಇರಬೇಕು ಎಂದುಕೊಂಡ.

* * *

ಡಬ್ಬಿ ಕಂಪನಿಯ ಮೈಥಿಲಿ ಮೈಸೂರಿನವಳು. ಇಪ್ಪತ್ತೇಳರ ಹುಡುಗಿ. ಹದಿನೈದು ದಿನದಿಂದ ಶೆಡ್ಡಿನ ಧೂಳು ಕುಡಿದು ಗಂಟಲು ಕಟ್ಟಿಸಿಕೊಂಡಿದ್ದಳು.

"ಸರ್, ಒಂದ್ ವಿಷ್ಯ ನೋಡಿ," ಎಂದು ಮಾನಿಟರಿನತ್ತ ತೋರಿಸಿದಳು. "ನಿಮ್ಮ ಮೂರನೇ ಪ್ರೆಸ್‌ನಲ್ಲಿ ಲೈಟ್ ಕರ್ಟನ್ ಒಂದ್ಸಲಾನೂ ನಿಲ್ಸಿಲ್ಲ. ಹದಿನೈದು ದಿನದಲ್ಲಿ ಸೊನ್ನೆ. ಬೇರೆ ಎಲ್ಲಾ ಕಡೆ ದಿನಕ್ಕೆ ಸಾವಿರಗಟ್ಟಲೆ. ಹಂಗೂ ಹನ್ನೊಂದು ವರ್ಷದಲ್ಲಿ ಒಂದೂ ಅಪಘಾತ ಇಲ್ಲ. ಹೆಂಗ್ ಸಾರ್ ಇದು?"

"ಅಲ್ಲಿಯವರು ಹುಷಾರಿ."

"ಡಬ್ಬಿ ಏನ್ ಕಲ್ತಿದೆ ಗೊತ್ತಾ? ಕಿರಣ ಕಡಿದ್ರೂ ನಿಲ್ಲಬೇಕಾಗಿಲ್ಲ ಅಂತ. ನನಗೆ ಸ್ವಲ್ಪ ವಿಚಿತ್ರ ಅನ್ನಿಸ್ತು. ನಿಮ್ಮ ಸಹಿ ಇದ್ರೆ ಸಾಕು ಅಂದ್ರು ಆಫೀಸ್ನೋರು. ಯಂತ್ರದ ವಿಷ್ಯ ಯಂತ್ರ ನೋಡ್ಕೊಳ್ಳೋರಿಗೇ ಗೊತ್ತಲ್ವಾ."

ಶಿಂತ್ರೆ ಹಿಂದೆ ನಿಂತಿದ್ದ. "ಸಹಿ ಹಾಕ್ರಿ ಉಪಾಧ್ಯೆ. ಇಡೀ ವಸಾಹತು ನಮ್ಮ ಕಡೆ ನೋಡಾಕತ್ತೈತಿ."

ಗಣಪತಿ ಹಬ್ಬ. ಬೆವರಿದ ಬೆರಳು. ಮೂರನೆಯದೇ, ಮೂರನೆಯದೇ. ಜಿನದತ್ತ ಮಾನಿಟರಿನ ಗಾಜಿನ ಮೇಲೆ ಬೆರಳಿಂದ ಹೆಸರು ಬರೆದ.

ಹತ್ತು ಗಂಟೆಗೆ ಪಾಠ ಶುರುವಾಯಿತು. ಬಡಿತದಿಂದ ಬಡಿತಕ್ಕೆ ಸಿಗುವ ಸಣ್ಣ ಬಿಡುವಿನಲ್ಲಿ ಡಬ್ಬಿಗಳು ತಂತಮ್ಮ ಕಂಟ್ರೋಲರಿಗೆ ಹೊಸ ನಡವಳಿಕೆಯನ್ನು ಬರೆಯತೊಡಗಿದವು. ಮಾನಿಟರಿನಲ್ಲಿ ಪ್ರೆಸ್ಸಿಗೊಂದರಂತೆ ಇದ್ದ ಚುಕ್ಕೆಗಳು ಒಂದೊಂದಾಗಿ ಹಸಿರಾದವು. ಹನ್ನೆರಡು, ಇಪ್ಪತ್ತು, ನಲವತ್ತು.

ಹತ್ತು ಗಂಟೆ ಹನ್ನೊಂದು ನಿಮಿಷಕ್ಕೆ ಕೆಳಗೆ ಐದನೆಯ ಪ್ರೆಸ್ಸಿನ ಬಡಿತದ ಸದ್ದು ಬದಲಾಯಿತು. ಲೋಹಕ್ಕೆ ಲೋಹ ತಾಗುವ ಠಣತ್ಕಾರವಿರಲಿಲ್ಲ. ನಡುವೆ ಮೆತ್ತಗಿನ ಏನೋ ಒಂದು ಸಿಕ್ಕ ಸದ್ದು.

ಜಿನದತ್ತ ಮೆಟ್ಟಿಲಿಳಿದು ಬರುವಷ್ಟರಲ್ಲಿ ಅಚ್ಚು ಮೇಲೇರಿತ್ತು. ಕಲ್ಮೇಶ ನಿಂತೇ ಇದ್ದ. ಕಿರುಚಿರಲಿಲ್ಲ. ತನ್ನ ಎರಡೂ ಮುಂಗೈಗಳು ಇರಬೇಕಾದ ಜಾಗವನ್ನು ನೋಡುತ್ತಿದ್ದ. ಅವು ಅಚ್ಚಿನೊಳಗೆ, ಕೆಂಪು ಕಬ್ಬಿಣಕ್ಕೆ ಅಂಟಿಕೊಂಡು ಹೊಗೆಯಾಡುತ್ತಿದ್ದವು. ಕಾದ ಲೋಹ ಗಾಯದ ಅರ್ಧವನ್ನು ಸುಟ್ಟು ಮುಚ್ಚಿತ್ತು. ಉಳಿದರ್ಧದಿಂದ ರಕ್ತ ಚಿಮ್ಮಿ ಬೆಳಕಿನ ಪರದೆಯ ಕಂಬಕ್ಕೆ ಬಡಿಯುತ್ತಿತ್ತು. ಎಡಗಾಲು ಇನ್ನೂ ಪೆಡಲಿನ ಮೇಲಿತ್ತು. ಅಚ್ಚು ಮತ್ತೆ ಬಿತ್ತು. ಮತ್ತೆ ಎದ್ದಿತು. ಮತ್ತೆ ಬಿತ್ತು. ಲಗಮಣ್ಣ ಓಡಿ ಬಂದು ಅವನನ್ನು ಸೊಂಟ ಹಿಡಿದು ಹಿಂದಕ್ಕೆ ಎಳೆದ.

"ಟಾವೆಲ್ ತರ್ರೋ! ಬಿಗಿದ ಕಟ್ಟರೋ! ಸಾಹೇಬ್ರ, ಗಾಡಿ!"

ಜಿನದತ್ತ ಮತ್ತು ಇನ್ನಿಬ್ಬರು ಕಲ್ಮೇಶನನ್ನು ಹೊತ್ತು ಗೇಟಿನವರೆಗೆ ಓಡಿದರು. ಗಾಡಿಯಲ್ಲಿ ಮಲಗಿಸುವಾಗ ಕಲ್ಮೇಶ ಮೊದಲ ಸಲ ಬಾಯಿಬಿಟ್ಟ. "ಪರದಿ ಹಿಡೀಲಿಲ್ರಿ ಸಾಹೇಬ್ರ," ಎಂದ. "ಯಾವಾಗ್ಲೂ ಹಿಡೀತಿತ್ತು." ಗಾಡಿ ಹೊರಟಿತು. ಜಿನದತ್ತ ಹತ್ತಲಿಲ್ಲ. ಹಿಂದಿನ ಮೆಟ್ಟಿಲಿನಿಂದ ಮೇಲಿನ ಕೋಣೆಗೆ ಓಡಿದ.

ಈಗ ಅನುಮಾನವೇ ಉಳಿದಿರಲಿಲ್ಲ. ಅಂದು ತೆಗೆದದ್ದು ಐದನೆಯದರದು. ಮೂರನೆಯದು ಹನ್ನೊಂದು ವರ್ಷ ಕುರುಡಾಗಿಯೇ ಇತ್ತು. ಕುರುಡಾಗಿದ್ದರಿಂದಲೇ ಅದರ ಮುಂದೆ ಮನುಷ್ಯರು ಕಣ್ಣು ಬಿಟ್ಟುಕೊಂಡಿದ್ದರು, ಕೂಗುತ್ತಿದ್ದರು, ಕಾಯುತ್ತಿದ್ದರು. ಡಬ್ಬಿಗೆ ಮನುಷ್ಯರ ಕೂಗು ಕೇಳಿಸುವುದಿಲ್ಲ. ಅದು ಕುರುಡನ್ನು ಮಾತ್ರ ಕಲಿತಿತ್ತು.

ಮಾನಿಟರಿನಲ್ಲಿ ಎಪ್ಪತ್ತೊಂದು ಚುಕ್ಕೆಗಳು ಹಸಿರು.

ಮೈಥಿಲಿ ಅವನತ್ತ ತಿರುಗಿದಳು. "ಸರ್, ನಿಲ್ಲಿಸ್ಲಾ? ಎಲ್ಲಾ ಕಡೆ ನಿಲ್ಲಿಸ್ಬೇಕು ಅಂದ್ರೆ ಕಾರಣ ಬರೀಬೇಕು, ಯಾರ ಹೇಳಿಕೆ ಅಂತ ಹೆಸರು ಹಾಕ್ಬೇಕು. ಇಲ್ದಿದ್ರೆ ತಗೊಳಲ್ಲ. ಬರೀ ಅಪಘಾತ ಅಂದ್ರೆ ಆ ಒಂದು ಪ್ರೆಸ್ ಮಾತ್ರ ನಿಲ್ಲತ್ತೆ. ಕಾರಣ ಏನಂತ ಹಾಕ್ಲಿ?"

ಜಿನದತ್ತ ತಮ್ಮ ಶೆಡ್ಡಿನ ನೀಲಿ ತಂತಿಯನ್ನು ಗೋಡೆಯಿಂದ ಕಿತ್ತ. ಪ್ರೆಸ್ಸುಗಳನ್ನು ನಿಲ್ಲಿಸಿರೆಂದು ಶಿಂತ್ರೆಯಿಂದ ಕೆಳಗೆ ಕೂಗಿಸಿದ. ಅವರ ಆರು ಪ್ರೆಸ್ಸು ನಿಂತವು. ಆದರೆ ಪಾಠ ಅವರ ಕೋಣೆಯಿಂದ ಹೊರಟು ಆಗಲೇ ದೂರ ಹೋಗಿತ್ತು. ಡಬ್ಬಿಯಿಂದ ಡಬ್ಬಿಗೆ ಹರಿಯುತ್ತಿತ್ತು.

"ಸರ್, ಕಾರಣ?"

"ತಡೀರಿ. ಖಚಿತ ಆಗಲಿ."

"ಏನ್ ಖಚಿತ ಆಗ್ಬೇಕು ಸರ್? ನಿಮಗೇನಾದ್ರೂ ಗೊತ್ತಿದ್ರೆ ಹೇಳಿ ಸರ್, ದಮ್ಮಯ್ಯ!"

ಅವನು ಬಾಯಿ ತೆರೆದ. ಹೇಳಬೇಕಾದದ್ದು ಒಂದು ವಾಕ್ಯ. ಇಪ್ಪತ್ತು ವರ್ಷದ ನೌಕರಿ, ಹೆಂಡತಿಯ ಮುಖ, ಪೊಲೀಸ್ ಜೀಪು, ಎಲ್ಲವೂ ಆ ವಾಕ್ಯದ ಮುಂದೆ ಬಂದು ಒತ್ತೊತ್ತಾಗಿ ನಿಂತವು. ಎಪ್ಪತ್ತೊಂಬತ್ತು. ತೊಂಬತ್ತೆರಡು. ಫೋನು ಹೊಡೆದುಕೊಂಡಿತು. ಎದುರಿನ ಕಾರ್ಖಾನೆಯಲ್ಲಿ ಒಬ್ಬ. ಮತ್ತೆ ಹೊಡೆದುಕೊಂಡಿತು. ಕಾಲುವೆಯ ಪಕ್ಕದ ಶೆಡ್ಡಿನಲ್ಲಿ ಮೂವರು, ಒಂದೇ ನಿಮಿಷದೊಳಗೆ. ಸಿಕ್ಕಿಕೊಂಡ ತುಂಡನ್ನು ಬಗ್ಗಿ ನೋಡಲು ಹೋದವನೊಬ್ಬನ ತಲೆ. ಗಾಜಿನ ಆಚೆ ದೂರದ ಶೆಡ್ಡುಗಳಿಂದ ಜನ ಹೊರಗೆ ಓಡಿ ಬರುವುದು ಕಾಣುತ್ತಿತ್ತು. ಕೆಲವರು ತಮ್ಮ ಕೈಯನ್ನು ತಾವೇ ಕೂಸಿನಂತೆ ಎದೆಗವಚಿಕೊಂಡಿದ್ದರು.

ಒಂಬತ್ತು ನಿಮಿಷವಾದ ಮೇಲೆ ಯಾರೋ ಸಬ್‌ಸ್ಟೇಷನ್ನಿಗೆ ಓಡಿ ಇಡೀ ವಸಾಹತಿನ ಕರೆಂಟು ತೆಗೆಸಿದರು. ಯಾರೆಂದು ಕೊನೆಯವರೆಗೂ ತಿಳಿಯಲಿಲ್ಲ. ಆ ಹೊತ್ತಿಗೆ ಹತ್ತೊಂಬತ್ತು ಮಂದಿ ನೆಲಕ್ಕೆ ಬಿದ್ದಿದ್ದರು.

ದೀಪ ಆರಿದ ಕೋಣೆಯಲ್ಲಿ ಶಿಂತ್ರೆ ಫೋನಿನಲ್ಲಿ ಅರಚುತ್ತಿದ್ದ. "ಅಲ್ರೀ, ನಮ್ಮ ತಪ್ಪಲ್ಲ. ಮೂರನೇ ನಂಬರಿನ ಆಪರೇಟರ್ ಏನೋ ಕಿತಾಪತಿ ಮಾಡ್ಯಾನ. ಪರದಿ ಕೆಡಿಸ್ಯಾನ. ಹಾಂ, ಲಗಮಣ್ಣ ಅಂತ."

ಜಿನದತ್ತ ಎರಡು ಅಡಿ ದೂರದಲ್ಲಿದ್ದ. ಕೇಳಿಸಿಕೊಂಡ.

* * *

ಮಧ್ಯಾಹ್ನ ಒಂದು ಗಂಟೆಗೆ ಅವರು ಬಂದರು. ಇನ್ನೂರಕ್ಕೂ ಹೆಚ್ಚು ಜನ. ಕೈಯಲ್ಲಿ ಇಕ್ಕಳ, ಸರಳು, ಪಾನಾ. ಕೆಲವರ ಅಂಗಿ ಗೆಳೆಯರ ರಕ್ತದಿಂದ ಮೈಗೆ ಅಂಟಿಕೊಂಡಿತ್ತು. ವಾಚ್‌ಮನ್ ಗೇಟು ಹಾಕಲು ಹೋದ. ಅವನ ಹಲ್ಲು ಮುರಿದು ಒಳನುಗ್ಗಿದರು. ಡಬ್ಬಿಗಳನ್ನು ಕಿತ್ತು ಗೋಡೆಗೆ ಅಪ್ಪಳಿಸಿದರು. ಶಿಂತ್ರೆ ಹಿಂಬಾಗಿಲಿನಿಂದ ಮೈಥಿಲಿಯನ್ನೂ ಎಳೆದುಕೊಂಡು ಪರಾರಿಯಾದ. ಜಿನದತ್ತ ಹೋಗಲಿಲ್ಲ. ಯಾಕೆ ಹೋಗಲಿಲ್ಲವೆಂದು ಅವನಿಗೇ ಗೊತ್ತಿರಲಿಲ್ಲ. ಕಬ್ಬಿಣದ ಮೆಟ್ಟಿಲಿಗೆ ಬಂದು, ಅರ್ಧ ಇಳಿದು, ನಿಂತುಬಿಟ್ಟ.

"ಮೂರನೇ ನಂಬರಿನಾಂವ ಯಾಂವ?"

ಲಗಮಣ್ಣ ಐದನೆಯ ಪ್ರೆಸ್ಸಿನ ಬಳಿ ಒದ್ದೆ ಗೋಣಿಯಿಂದ ನೆಲ ಒರೆಸುತ್ತಿದ್ದ. ಎದ್ದು ನಿಂತ. "ನಾನ ರೀ. ಏನಾಗಬೇಕಿತ್ತು?"

ಮೊದಲ ಏಟು ಬಾಯಿಗೆ ಬಿತ್ತು. ಎರಡನೆಯದು ಹಣೆಗೆ. ರಕ್ತ ಇಳಿದು ಎರಡೂ ಕಣ್ಣು ಮುಚ್ಚಿದವು.

"ಪರದಿ ಕೆಡಿಸಿದಾಂವ ನೀನ ಏನಲೇ?"

"ನಾ ಅಲ್ಲ."

"ಕುರುಡಿ ಕುರುಡಿ ಅಂತ ಹನ್ನೊಂದ ವರ್ಷ ಹಾಡಕೋತ ಬಂದೀಯಂತ! ಕುರುಡ ಇದ್ದದ್ದು ಗೊತ್ತಿತ್ತಿಲ್ಲೋ ನಿನಗ?"

"ಗೊತ್ತಿತ್ತು. ಎಲ್ಲಾರಿಗೂ ಹೇಳೇನಿ. ನೀವೆಲ್ಲ ನಕ್ಕೀರಿ."

"ಮತ್ತ ಕೆಡಿಸಿದಾಂವ ಯಾಂವ? ಹೆಸರ ಹೇಳು!"

ಲಗಮಣ್ಣ ಮುಖ ತಿರುಗಿಸಿದ. ರಕ್ತದ ಹಿಂದಿನ ಕಣ್ಣಿಗೆ ಯಾರೂ ಕಾಣುವಂತಿರಲಿಲ್ಲ. ತುಟಿ ಸೀಳಿತ್ತು.

"ಹೆಸರು!"

"ಎದುರಿಗಿಲ್ಲದಾಂವನ ಹೆಸರ ಹೆಂಗ ಹೇಳ್ಲಿ?" ಎಂದ.

ಯಾರೋ ಅವನ ಹೊಟ್ಟೆಗೆ ಒದ್ದರು. ನಾಲ್ವರು ಅವನ ಬಲಗೈಯನ್ನು ಎಳೆದು ಐದನೆಯ ಪ್ರೆಸ್ಸಿನ ಕೆಳ ಅಚ್ಚಿನ ಮೇಲೆ ಒತ್ತಿ ಹಿಡಿದರು. ಕಲ್ಮೇಶನ ಕೈಗಳ ಕಪ್ಪು ಅಲ್ಲಿ ಇನ್ನೂ ಅಂಟಿತ್ತು. ಕರೆಂಟಿಲ್ಲದ್ದರಿಂದ ಪ್ರೆಸ್ಸು ಸತ್ತಿತ್ತು. ದಪ್ಪ ಕೊರಳಿನವನೊಬ್ಬ ದೊಡ್ಡ ಸುತ್ತಿಗೆ ತಂದ. ಅವನ ತಮ್ಮನ ತಲೆಯೇ ಬೆಳಿಗ್ಗೆ ಅಚ್ಚಿನಡಿ ಹೋಗಿದ್ದು. ಅವನು ಅಳುತ್ತಿದ್ದ. ಅಳುತ್ತಲೇ ಸುತ್ತಿಗೆ ಎತ್ತಿದ.

ಲಗಮಣ್ಣನ ಬಾಯಿಂದ ಆಗ ಒಂದು ಮಾತು ತಾನಾಗಿ ಹೊರಟಿತು. ಬೇಡುವ ದನಿಯಲ್ಲ, ದಿನಕ್ಕೆ ಎರಡು ಸಾವಿರ ಸಲ ಬರುತ್ತಿದ್ದ ದನಿ.

"ಕೈ!"

ಸುತ್ತಿಗೆ ಬಿತ್ತು. ಮೂರು ಸಲ ಬಿತ್ತು. ಮೂರನೆಯದಕ್ಕೆ ಮೂಳೆಯ ಸದ್ದು ಉಳಿದಿರಲಿಲ್ಲ. ಹಿಡಿದವರಲ್ಲಿ ಒಬ್ಬ ಕೈಬಿಟ್ಟು ಮೂಲೆಗೆ ಹೋಗಿ ವಾಂತಿ ಮಾಡಿಕೊಂಡ. ಆಮೇಲೆ ಒಬ್ಬೊಬ್ಬರೇ, ಏನೋ ಮರೆತು ಬಂದವರಂತೆ ಒಬ್ಬರನ್ನೊಬ್ಬರು ನೋಡದೆ, ಹೊರಗೆ ನಡೆದರು.

* * *

ತ್ರಿಶಲಾ ಮನೆಗೆ ಬಂದಾಗ ಸಂಜೆ ಆರೂವರೆ. ಅವಳ ಆಸ್ಪತ್ರೆಗೆ ಹತ್ತೊಂಬತ್ತರಲ್ಲಿ ಏಳು ಮಂದಿ ಬಂದಿದ್ದರು. ಎಂಟನೆಯವನಾಗಿ ಲಗಮಣ್ಣ. ಅವಳು ಬಚ್ಚಲಲ್ಲಿ ಬಹಳ ಹೊತ್ತು ಕೈ ತೊಳೆದಳು. ಜಿನದತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ.

"ಕಲ್ಮೇಶನ ಹೆಂಡ್ತಿ ಬಂದಿದ್ಲು. ನಾಕು ತಿಂಗಳ ಬಸರಿ," ಎಂದಳು ನೀರಿನ ಸದ್ದಿನ ನಡುವೆ. "ಕೈ ಎಲ್ಲಿ ಅದಾವ, ನನಗ ಕೊಡ್ರಿ ಅಂದ್ಲು. ಏನ ಕೊಡ್ಲಿ ನಾ?"

"ನಾನ ಮಾಡಿದ್ದು," ಎಂದ ಜಿನದತ್ತ.

ನಲ್ಲಿ ನಿಂತಿತು.

ಅವನು ಹೇಳಿದ. ಏಳನೇ ಇನ್‌ಪುಟ್ಟು, ಕಪ್ಪು ಟೇಪು, ಸೋಮವಾರ, ಗಣಪತಿ ಹಬ್ಬ, ಬೆಳಿಗ್ಗೆ ಹಾಕಿದ ಸಹಿ. ಒಂಬತ್ತು ನಿಮಿಷಗಳನ್ನೂ ಹೇಳಿದ. ಒಂದೂ ಬಿಡದೆ ಹೇಳುತ್ತಿದ್ದೇನೆಂದು ಅವನಿಗೇ ಅನ್ನಿಸಿತು. ಅವಳು ಒದ್ದೆ ಕೈಯಲ್ಲೇ ಕೆನ್ನೆಗೆ ಹೊಡೆದಳು. ಇನ್ನೊಂದು ಕೆನ್ನೆಗೂ ಹೊಡೆದಳು. ಒಲೆಯ ಪಕ್ಕದ ಲಟ್ಟಣಿಗೆ ಅವಳ ಕೈಗೆ ಸಿಕ್ಕಿತು. ಭುಜಕ್ಕೆ, ಮೊಣಕೈಗೆ, ಬೆನ್ನಿಗೆ ಬಡಿದಳು. ಅವನು ತಡೆಯಲಿಲ್ಲ. ಹುಬ್ಬು ಹರಿದು ನೆಲಕ್ಕೆ ಹನಿ ಬಿದ್ದಾಗ ಅವಳು ಲಟ್ಟಣಿಗೆ ಎಸೆದು, ಅಭ್ಯಾಸದಂತೆ ಹತ್ತಿ ತಂದು ಗಾಯಕ್ಕೆ ಒತ್ತಿದಳು.

"ಬಸದೀಗೆ ಹೋದ್ರ ಇರುವಿ ತುಳೀಬಾರ್ದಂತ ನೆಲಾ ನೋಡಿ ನಡೀತೀರಿ," ಎಂದಳು. "ನಾಳೆ ಹೋಗಿ ಬರದು ಕೊಡ್ರಿ. ಇಲ್ಲಾಂದ್ರ ನಾನ ಹೋಗಿ ಹೇಳ್ತೀನಿ."

ಅವನು ಬರೆದುಕೊಟ್ಟ. ನೌಕರಿ ಹೋಯಿತು, ಮೊಕದ್ದಮೆ ದಾಖಲಾಯಿತು, ಹದಿನೆಂಟು ದಿನ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಹೊರಬಂದ. ತನಿಖೆಯವರು ಕೇಳಿದ್ದಕ್ಕೆಲ್ಲ ಉತ್ತರಿಸಿದ. ಅವರು ಯಂತ್ರದ ಬಗ್ಗೆ ಮಾತ್ರ ಕೇಳಿದರು. ವಸಾಹತಿನಲ್ಲಿ ಡಬ್ಬಿಗಳನ್ನು ತೆಗೆದುಹಾಕಿದರು. ಮೂರು ತಿಂಗಳಿಗೆ ಪ್ರೆಸ್ಸುಗಳು ಮತ್ತೆ ಶುರುವಾದವು. ಈಗ ಇನ್ನೂರ ಹದಿನಾಲ್ಕು ಪ್ರೆಸ್ಸುಗಳ ಮುಂದೆಯೂ ಜನ ಕೂಗುತ್ತಾರೆ ಎಂದು ಯಾರೋ ಹೇಳಿದರು. ರಸ್ತೆಯವರೆಗೂ ಕೇಳಿಸುತ್ತದಂತೆ.

* * *

ಲಗಮಣ್ಣನ ಮನೆ ರೈಲು ಹಳಿಯ ಪಕ್ಕದ ಕಾರ್ಮಿಕರ ಓಣಿಯಲ್ಲಿತ್ತು. ಜಿನದತ್ತ ಹೋದಾಗ ಅವನು ಕಟ್ಟೆಯ ಮೇಲೆ ಕೂತು ಎಡಗೈಯಿಂದ ಶೇಂಗಾ ಸುಲಿಯುತ್ತಿದ್ದ. ಬಲಗೈಯಲ್ಲಿ ಹೆಬ್ಬೆರಳು ಮತ್ತು ಕಿರುಬೆರಳು ಉಳಿದಿದ್ದವು. ನಡುವಿನ ಜಾಗವನ್ನು ಚರ್ಮ ಎಳೆದು ಹೊಲಿದಿದ್ದರು.

ಬಾಗಿಲಲ್ಲಿದ್ದ ಅವನ ಹೆಂಡತಿ ಬಾಳವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಬಂದ್ರಿ? ನೋಡಾಕ ಬಂದ್ರಿ? ನೋಡ್ರಿ, ಚಂದ ಆಗೈತಿ. ಎರಡ ಬೆರಳ ಉಳಿದಾವ, ಅವನ್ನೂ ಒಯ್ಯಾಕ ಬಂದೀರೇನು?"

"ಏ, ಸುಮ್ಕಿರ. ಮನೀಗೆ ಬಂದಾರ. ಚಾ ಇಡು."

"ಚಾ? ಇವಂಗ? ನಾ ಕುದಿಯೂ ನೀರ ತಂದು ಮಾರಿಗೆ ಉಗ್ಗತೀನಿ ನೋಡು!"

ಅವಳು ಒಳಗೆ ಹೋಗಿ ಪಾತ್ರೆಗಳನ್ನು ಕುಕ್ಕತೊಡಗಿದಳು. ಲಗಮಣ್ಣ ಕಟ್ಟೆಯ ಮೇಲಿನ ಸಿಪ್ಪೆ ಸರಿಸಿ ಜಾಗ ಮಾಡಿದ. ಜಿನದತ್ತ ಕೂತ.

"ತಪ್ಪಾತು ಲಗಮಣ್ಣ," ಎಂದ. "ಆ ಟೇಪು ನಾನ ಹಚ್ಚಿದ್ದು."

"ಗೊತ್ತೈತ್ರಿ. ಹಚ್ಚೂವಾಗ ನಾ ಬ್ಯಾಟರಿ ಹಿಡಕೊಂಡು ನಿಂತಿದ್ದಿಲ್ಲೇನು? ನಿಮಗ ಅದೂ ನೆನಪಿಲ್ಲ." ಲಗಮಣ್ಣ ಒಂದು ಕಾಯಿಯನ್ನು ಹಲ್ಲಿನಿಂದ ಒಡೆದ. "ಬರದು ಕೊಟ್ರಂತ. ಕೇಳೇನಿ. ಅಷ್ಟಾದ್ರೂ ಮಾಡಿದ್ರಿ."

"ಆ ದಿನ ನನ್ನ ಹೆಸರು ಹೇಳಿದ್ರ ನಿನ್ನ ಬಿಡತಿದ್ರು."

"ಬಿಡತಿದ್ರೇನೋ. ಬಿಡತಿದ್ದಿಲ್ಲೇನೋ." ಅವನು ಸುಲಿದ ಕಾಳುಗಳನ್ನು ಜಿನದತ್ತನ ಅಂಗೈಗೆ ಹಾಕಿದ. "ನೀವು ಕಲ್ಮೇಶನ ಜೋಡಿ ದವಾಖಾನಿಗೆ ಹೋಗಿದ್ರಿ. ಗಾಡಿಗೆ ಹೊತಗೊಂಡ ಓಡಿದ್ದು ನಾ ನೋಡೇನಿ. ಇಲ್ಲದಾಂವನ ಹೆಸರ ಹೇಳಿದ್ರ ಅದು ಚಾಡಿ ಆಕ್ಕೈತ್ರಿ. ನೀವು ಅಲ್ಲಿ ಇದ್ದಿದ್ರ ಮಾತು ಬ್ಯಾರೆ. ನೀವ ಮುಂದ ಬಂದು ಹೇಳತಿದ್ರಿ. ಅಷ್ಟು ನನಗ ಗೊತ್ತೈತಿ. ಇದನ್ನ ಈಕಿಗೆ ದಿನಾ ಹೇಳತೀನಿ, ಕೇಳಂಗಿಲ್ಲ."

ಒಳಗೆ ಪಾತ್ರೆಯ ಸದ್ದು ನಿಂತಿತು. ಬಾಳವ್ವ ಬಾಗಿಲಿಗೆ ಬಂದು ಜಿನದತ್ತನ ಮುಖವನ್ನೇ ನೋಡಿದಳು. ಹಳಿಯ ಮೇಲೆ ಗೂಡ್ಸ್ ಗಾಡಿಯೊಂದು ಬಂದು, ಬಹಳ ಹೊತ್ತು ಹಾದು, ಹೋಯಿತು. ಜಿನದತ್ತ ಶೇಂಗಾ ತಿಂದ.

ಆಮೇಲೆಯೂ ಅವನು ಪ್ರತಿ ತಿಂಗಳು ಆ ಕಟ್ಟೆಗೆ ಹೋದ. ಬಾಳವ್ವ ಒಂದು ದಿನ ಚಹಾ ಕೊಟ್ಟಳು. ಲಗಮಣ್ಣ ಎಡಗೈಯಲ್ಲಿ ಸಹಿ ಮಾಡುವುದನ್ನು ಕಲಿತ. ಐದು ವರ್ಷವಾದ ಮೇಲೆ ಎದೆನೋವಿನಿಂದ ಸತ್ತ.

ಸುತ್ತಿಗೆ ಬಿದ್ದ ಮೂರು ಸಲವೂ ತಾನು ಮೆಟ್ಟಿಲ ಮೇಲೆ, ಎಂಟು ಹೆಜ್ಜೆ ದೂರದಲ್ಲಿ ನಿಂತಿದ್ದೆನೆಂದು ಜಿನದತ್ತ ಅವನಿಗೆ ಎಂದೂ ಹೇಳಲಿಲ್ಲ.